ಸೆಷನ್ಸ್ ಶಿಕ್ಷೆ ವಿರುದ್ಧ ಅಪೀಲು: ಜ್ಯೂರಿ ಇಲ್ಲದ ನಮ್ಮಲ್ಲಿ ‘ತಪ್ಪು ನಿರ್ದೇಶನ’ ಆಧಾರ ಆಗುತ್ತದೆಯೇ?

ಗಂಗಾವತಿ_ಜೂನಿಯರ್ (ಪ್ರಶ್ನೆ)

ಹಿರಿಯ ವಕೀಲರಿಗೆ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಸೆಷನ್ಸ್ ಪ್ರಕರಣ, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಹೊಲದ ಬದುವಿನ ಜಗಳ, 2022ರ ಘಟನೆ. ಐಪಿಸಿ 307 (ಕೊಲೆ ಯತ್ನ), ಜೊತೆಗೆ 34 (ಸಮಾನ ಉದ್ದೇಶ). ಮೂವರು ಆರೋಪಿಗಳಲ್ಲಿ ಒಬ್ಬರು ಬಿಡುಗಡೆ, ಇಬ್ಬರಿಗೆ ತಲಾ 7 ವರ್ಷ ಮತ್ತು ದಂಡ. ವಿಚಾರಣೆ ಮುಗಿಯುವವರೆಗೂ ಇಬ್ಬರೂ ಜಾಮೀನಿನ ಮೇಲಿದ್ದರು, ತೀರ್ಪಿನ ದಿನವೇ ಜೈಲಿಗೆ ಹೋದರು.

ತೀರ್ಪಿನಲ್ಲಿ ಮೂರು ಸಂಗತಿ ಕಣ್ಣಿಗೆ ಬಿದ್ದಿವೆ. ಒಂದನೇ ಆರೋಪಿಯ ತಲೆಗೂ ಗಾಯ ಆಗಿತ್ತು. ಗಾಯದ ಪ್ರಮಾಣಪತ್ರವನ್ನು ವೈದ್ಯರ ಪಾಟೀ ಸವಾಲಿನಲ್ಲಿ ಗುರುತು ಮಾಡಿಸಿದ್ದೇವೆ, ತೀರ್ಪಿನಲ್ಲಿ ಅದರ ಮಾತೇ ಇಲ್ಲ. ಎರಡನೆಯದಾಗಿ, ‘ಆತ್ಮರಕ್ಷಣೆಯನ್ನು ಆರೋಪಿಗಳು ಸಂಶಯಾತೀತವಾಗಿ ರುಜುವಾತುಪಡಿಸಿಲ್ಲ’ ಎಂದು ಬರೆದಿದ್ದಾರೆ. ಮೂರನೆಯದಾಗಿ, ಕೊಡಲಿ ಜಪ್ತಿ ಮತ್ತು ಅದರ ಮೇಲಿನ ರಕ್ತದ ಪ್ರಯೋಗಾಲಯ ವರದಿಯನ್ನು ನೆಚ್ಚಿಕೊಂಡಿದ್ದಾರೆ, ಆದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 313ರ ಹೇಳಿಕೆಯಲ್ಲಿ, ಅಂದರೆ ವಿರುದ್ಧ ಬಂದ ಸಾಕ್ಷ್ಯದ ಬಗ್ಗೆ ಕೋರ್ಟೇ ಆರೋಪಿಯನ್ನು ಕೇಳಿ ದಾಖಲಿಸುವ ಹೇಳಿಕೆಯಲ್ಲಿ, ಆ ಬಗ್ಗೆ ಆರೋಪಿಗಳನ್ನು ಒಂದು ಪ್ರಶ್ನೆಯೂ ಕೇಳಿಲ್ಲ. ಪಂಚರು (ಜಪ್ತಿಗೆ ಸಾಕ್ಷಿ ಹಾಕಿದವರು) ಪ್ರತಿಕೂಲ ಸಾಕ್ಷಿಗಳಾಗಿದ್ದಾರೆ.

ಇಂಗ್ಲೆಂಡ್, ಆಸ್ಟ್ರೇಲಿಯಾ ತೀರ್ಪುಗಳನ್ನು ಓದಿದರೆ ನ್ಯಾಯಾಧೀಶರು ಜ್ಯೂರಿಗೆ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿಗೆ) ಕೊಟ್ಟ ನಿರ್ದೇಶನ ತಪ್ಪಿತ್ತು ಎಂಬ ಒಂದೇ ಕಾರಣಕ್ಕೆ ಶಿಕ್ಷೆ ರದ್ದಾದದ್ದು ಕಾಣುತ್ತದೆ. ನಮ್ಮಲ್ಲಿ ಜ್ಯೂರಿಯೇ ಇಲ್ಲ. ಹಾಗಾದರೆ ಆ ವಾದ ನಮಗೆ ಉಪಯೋಗಕ್ಕೆ ಬರುತ್ತದೆಯೇ? ಅಪೀಲು ಕಲಬುರಗಿಗೋ ಧಾರವಾಡಕ್ಕೋ, ಮೊದಲು ಏನು ಮಾಡಬೇಕು ಎಂಬುದನ್ನೂ ತಿಳಿಸಿ.

---

ಹಟ್ಟಿ_ರಸ್ತೆ

ತಮ್ಮಾ, ವಾದದ ಮಾತು ಹಿಂದಿನಿಂದ. ಮೊದ್ಲ ಕಾಗದಾ ನೋಡ್ಕೋ.

ಕೊಪ್ಪಳ ಅಂದ್ರ ಧಾರವಾಡ ಪೀಠ. ಕಂದಾಯ ವಿಭಾಗ ಕಲಬುರಗಿ ಐತಿ ಅಂತ ಭಾಳ ಮಂದಿ ಕಲಬುರಗಿ ಪೀಠಕ್ಕ ಕಾಗದಾ ತಯಾರ ಮಾಡ್ತಾರ. ಬಳ್ಳಾರಿ, ವಿಜಯನಗರ, ಕೊಪ್ಪಳ ಈ ಮೂರೂ ಧಾರವಾಡಕ್ಕ. ನಮ್ಮ ಈ ಸುತ್ತಿನಾಗ ರಾಯಚೂರು ಮಾತ್ರ ಕಲಬುರಗಿಗೆ, ಅಂದ್ರ ಸಿಂಧನೂರು, ಮಾನ್ವಿ, ಲಿಂಗಸುಗೂರು ಕೇಸು ಎಲ್ಲಾ ಅಲ್ಲೇ. ಎರಡೂ ಪೀಠ 2008ರಾಗ ಸಂಚಾರಿ ಪೀಠ ಆಗಿ ಶುರುವಾಗಿ 2013ರಾಗ ಕಾಯಂ ಆದವು. ಕೇಸ್ ನಂಬರ್ ನೋಡಿದ್ರನ ಗೊತ್ತಾಗ್ತದ: ಧಾರವಾಡದ್ದು 1 ಲಕ್ಷದ ಮ್ಯಾಲಿಂದ, ಕಲಬುರಗಿದು 2 ಲಕ್ಷದ ಮ್ಯಾಲಿಂದ ಶುರು ಆಗ್ತದ.

ಇನ್ನೊಂದು ತಪ್ಪು ತಿಳುವಳಿಕಿ: ‘ಏಳು ವರ್ಷಕ್ಕಿಂತ ಹೆಚ್ಚಿಲ್ಲ, ಜಿಲ್ಲಾ ಕೋರ್ಟಿಗೇ ಅಪೀಲು.’ ಹಂಗಲ್ಲ. ಶಿಕ್ಷೆ ಕೊಟ್ಟವರು ಸೆಷನ್ಸ್ ಜಡ್ಜ್ ಅಥವಾ ಹೆಚ್ಚುವರಿ ಸೆಷನ್ಸ್ ಜಡ್ಜ್ ಆಗಿದ್ರ, ಒಂದು ವರ್ಷ ಶಿಕ್ಷೆ ಆಗಿದ್ರೂ ಹೈಕೋರ್ಟೇ. ಮ್ಯಾಜಿಸ್ಟ್ರೇಟ್ ಕೊಟ್ಟಿದ್ರ ಸೆಷನ್ಸಿಗೆ. ಬಿಎನ್‌ಎಸ್‌ಎಸ್ (2023ರ ಹೊಸ ದಂಡ ಪ್ರಕ್ರಿಯಾ ಸಂಹಿತಿ) 415, ಹಳೇ ಸಿಆರ್‌ಪಿಸಿ 374. ಅಪೀಲು 2024ರ ಜುಲೈ 1ರ ಮ್ಯಾಲೆ ಹಾಕೂದಾದ್ರ ಹೊಸ ಕಲಂ ಬರ್ದು, ಪಕ್ಕದಾಗ ಹಳೇದನ್ನೂ ಬರೀರಿ, ಕಚೇರಿ ಆಕ್ಷೇಪಣಾ ಒಂದು ಕಡಿಮಿ ಆಗ್ತದ.

ಕಾಲಮಿತಿ ಹೈಕೋರ್ಟಿಗೆ 60 ದಿನ, ಸೆಷನ್ಸಿಗೆ 30 ದಿನ, ಲಿಮಿಟೇಷನ್ ಕಾಯ್ದೆ ಅನುಚ್ಛೇದ 115. ಎಣಿಕಿ ಶಿಕ್ಷೆ ಹೇಳಿದ ದಿನದಿಂದ. ಸೋಮವಾರ ದೋಷಿ ಅಂದು ಬುಧವಾರ ಶಿಕ್ಷೆ ಹೇಳಿದ್ರ ಬುಧವಾರ ಹಿಡೀಬೇಕು, ಆ ದಿನಾ ಬಿಟ್ಟು ಮರುದಿನದಿಂದ ಎಣಿಸ್ಬೇಕು. ನಕಲು ತಗೊಳ್ಳಾಕ ಬೇಕಾದ ಸಮಯ ಕಳೀತಾರ, ಕಲಂ 12. ಆದ್ರ ನಕಲು ಅರ್ಜಿ ಹಾಕಿದ ದಿನದಿಂದ ನಕಲು ತಯಾರಾದ ದಿನದ ತನಕ ಅಷ್ಟ. ಅರ್ಜಿ ತಡಾ ಹಾಕಿದ್ದು, ನಕಲು ತಯಾರಾದ ಮ್ಯಾಲೆ ತಗೊಳ್ಳಾಕ ಹೋಗದ ಬಿಟ್ಟಿದ್ದು ನಿಮ್ಮ ಲೆಕ್ಕಕ್ಕ. ಉದಾಹರಣಿಗೆ ಶಿಕ್ಷೆ ಜೂನ್ 10ಕ್ಕ, ನಕಲು ಅರ್ಜಿ 12ಕ್ಕ, ತಯಾರಾದದ್ದು 26ಕ್ಕ. ಬರೇ 60 ದಿನಾ ಹಿಡಿದ್ರ ಆಗಸ್ಟ್ 9. ಕಳೆಯೋ 15 ದಿನಾ ಸೇರ್ಸಿದ್ರ ಆಗಸ್ಟ್ 24. ಇದನ್ನ ನಕಲಿನ ಹಿಂದಿನ ಮುದ್ರೆಯಿಂದ ತೋರಿಸ್ಬೇಕು, ಹಾಳಿ ಕಳೀಬ್ಯಾಡ್ರಿ.

ಶಿಕ್ಷೆ ಆದವನಿಗೆ ತೀರ್ಪಿನ ಒಂದು ಪ್ರತಿ ಅವತ್ತೇ ಪುಕ್ಕಟೆ ಕೊಡ್ಬೇಕು, ಬಿಎನ್‌ಎಸ್‌ಎಸ್ 404. ಅದನ್ನ ಇಸ್ಕೊಂಡು ಓದಾಕ ಶುರು ಮಾಡ್ರಿ. ಜೋಡೀಲೆ ಅವತ್ತೇ ದೃಢೀಕೃತ ನಕಲಿಗೆ ಅರ್ಜಿ: ತೀರ್ಪು, ಶಿಕ್ಷೆಯ ಆದೇಶ, ಆಪಾದನಾ ಪತ್ರ, ಎಲ್ಲಾ ಸಾಕ್ಷಿಗಳ ಹೇಳಿಕಿ, 313ರ ಹೇಳಿಕಿ, ನಿಪಿ (ಪ್ರಾಸಿಕ್ಯೂಷನ್ ಗುರುತು ಮಾಡಿಸಿದ್ದು) ಮತ್ತ ನಿಡಿ (ಆರೋಪಿ ಕಡೆಯವರು ಗುರುತು ಮಾಡಿಸಿದ್ದು) ದಾಖಲೆ. ತೀರ್ಪಿನ ನಕಲು ಒಂದ ತಗೊಂಡು ಅಪೀಲು ಹಾಕಿದ್ರೂ ನಡೀತದ, ಆದ್ರ ಶಿಕ್ಷೆ ಅಮಾನತ್ತಿನ (ಅಪೀಲು ಮುಗಿಯೂ ತನಕ ಶಿಕ್ಷೆ ತಡೆದು ಜಾಮೀನು ಕೊಡೂದು) ದಿನ ಜಡ್ಜ್ ಸಾಹೇಬ್ರು ‘ಗಾಯದ ಪ್ರಮಾಣಪತ್ರ ಎಲ್ಲೈತಿ’ ಅಂದ್ರ ತೋರ್ಸಾಕ ಏನೂ ಇರೂದಿಲ್ಲ. ಕೆಳಗಿನ ಕೋರ್ಟಿನ ಕಡತ ಹೈಕೋರ್ಟಿಗೆ ಬರಾಕ ಟೈಮ್ ಹಿಡೀತದ.

ವಕಾಲತ್ತಿಗೆ ಜೈಲಿನಾಗ ಸಹಿ, ಮ್ಯಾಲೆ ಜೈಲು ಅಧೀಕ್ಷಕರ ದೃಢೀಕರಣ. ಇಬ್ರು ಅದಾರ ಅಂದ್ರ ಇಬ್ರುದೂ ಒಂದ ಸಲಕ್ಕ ಮಾಡಿಸ್ರಿ.

---

ಬಳ್ಳಾರಿ_ಕೋಟೆ

ಮೇಲಿನವರು ಹೇಳಿದ ಲೆಕ್ಕ ಸರಿ ಇದೆ. ನಾನು ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಭಾಗದಿಂದ ಹೋಗುವ ಅಪೀಲು ಮೆಮೊಗಳಲ್ಲಿ ಹೆಚ್ಚು ಪೆಟ್ಟು ಬೀಳುವುದು ಇಲ್ಲಿಯೇ.

ಜ್ಯೂರಿ ಇರುವ ಕಡೆ ಕೆಲಸ ಎರಡು ಪಾಲು. ಕಾನೂನು ಏನೆಂದು ನ್ಯಾಯಾಧೀಶರು ಹೇಳುತ್ತಾರೆ, ಸಂಗತಿ ಏನೆಂದು ಜ್ಯೂರಿ ತೀರ್ಮಾನಿಸುತ್ತದೆ. ಜ್ಯೂರಿ ಕಾರಣ ಕೊಡುವುದಿಲ್ಲ, ‘ದೋಷಿ’ ಅಥವಾ ‘ದೋಷಿಯಲ್ಲ’ ಅಷ್ಟೇ. ಹೀಗಾಗಿ ಮೇಲಿನ ನ್ಯಾಯಾಲಯಕ್ಕೆ ಪರೀಕ್ಷಿಸಲು ಸಿಗುವ ದೊಡ್ಡ ಆಧಾರ ನ್ಯಾಯಾಧೀಶರು ಜ್ಯೂರಿಗೆ ಹೇಳಿದ ಮಾತು. ರುಜುವಾತಿನ ಹೊಣೆ ಯಾರದು, ಸಂಶಯದ ಲಾಭ ಎಂದರೇನು, ಕ್ಷಣಮಾತ್ರ ನೋಡಿ ಗುರುತು ಹೇಳಿದ ಸಾಕ್ಷಿಯನ್ನು ಎಷ್ಟು ನಂಬಬೇಕು (ಇಂಗ್ಲೆಂಡಿನಲ್ಲಿ 1976ರ ಟರ್ನ್‌ಬುಲ್ ತೀರ್ಪಿನಿಂದ ಬಂದ ಎಚ್ಚರಿಕೆ), ಆರೋಪಿ ಸುಳ್ಳು ಹೇಳಿದ ಮಾತ್ರಕ್ಕೆ ಅಪರಾಧ ಸಾಬೀತಾಗುತ್ತದೆಯೇ, ಇವನ್ನೆಲ್ಲ ಸರಿಯಾಗಿ ಹೇಳಬೇಕು. ತಪ್ಪಿದರೆ ಅಪೀಲು. ಆದರೂ ತಪ್ಪು ಕಂಡ ತಕ್ಷಣ ಶಿಕ್ಷೆ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ‘ಈ ದೋಷನಿರ್ಣಯದ ಮೇಲೆ ಭರವಸೆ ಇಡಬಹುದೇ’ ಎಂದು ನೋಡುತ್ತಾರೆ. ಆಸ್ಟ್ರೇಲಿಯಾದಲ್ಲಿ 2005ರ ವೈಸ್ ತೀರ್ಪಿನ ನಂತರ, ದೊಡ್ಡ ಅನ್ಯಾಯ ಆಗಿಲ್ಲ ಎಂದು ಅಪೀಲು ತಳ್ಳುವ ಮೊದಲು ಮೇಲಿನ ನ್ಯಾಯಾಲಯ ತಾನೇ ಪೂರ್ತಿ ದಾಖಲೆ ಓದಿ ತೂಗಬೇಕು.

ನಮ್ಮಲ್ಲೂ ಇದೇ ಪದ್ಧತಿ ಇತ್ತು. 1898ರ ಸಂಹಿತೆಯಲ್ಲಿ ಜ್ಯೂರಿ ತೀರ್ಪನ್ನು ಅಪೀಲಿನಲ್ಲಿ ಬದಲಿಸಬೇಕಾದರೆ ನ್ಯಾಯಾಧೀಶರ ತಪ್ಪು ನಿರ್ದೇಶನವನ್ನೋ, ಜ್ಯೂರಿ ಕಾನೂನನ್ನು ತಪ್ಪಾಗಿ ತಿಳಿದದ್ದನ್ನೋ ತೋರಿಸಬೇಕಿತ್ತು. ನಾನಾವತಿ ಪ್ರಕರಣ (ನೌಕಾಪಡೆ ಅಧಿಕಾರಿಯೊಬ್ಬರ ಮೇಲಿನ ಕೊಲೆ ಮೊಕದ್ದಮೆ) ಇದಕ್ಕೆ ಕೈಗೆ ಸಿಗುವ ಉದಾಹರಣೆ. ಬಾಂಬೆ ಸೆಷನ್ಸಿನಲ್ಲಿ ಜ್ಯೂರಿ 8–1ರಿಂದ ದೋಷಿಯಲ್ಲ ಎಂದಿತು, ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟ್ ದೋಷಿ ಎಂದಿತು, 1961ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕಂಡ ದೋಷಗಳಲ್ಲಿ ಒಂದು: ಐಪಿಸಿ 80ರ ‘ಆಕಸ್ಮಿಕ’ ವಿನಾಯಿತಿಗೆ ಏನೇನು ಅಂಶ ಬೇಕು, ಅದರ ಹೊಣೆ ಯಾರ ಮೇಲೆ ಎಂಬುದನ್ನು ಜ್ಯೂರಿಗೆ ಬಿಡಿಸಿ ಹೇಳಿರಲಿಲ್ಲ. (ನಾನಾವತಿಯಿಂದಲೇ ಜ್ಯೂರಿ ಹೋಯಿತು ಎಂಬ ಮಾತು ಪೂರ್ತಿ ನಿಜವಲ್ಲ. ಕಾನೂನು ಆಯೋಗ 1958ರಲ್ಲೇ ತನ್ನ 14ನೇ ವರದಿಯಲ್ಲಿ ಜ್ಯೂರಿ ಬೇಡ ಎಂದಿತ್ತು.) 1973ರ ಸಂಹಿತೆಯಲ್ಲಿ ಜ್ಯೂರಿ ವಿಚಾರಣೆಗೆ ಜಾಗವೇ ಇಲ್ಲ.

ಜ್ಯೂರಿ ಹೋದಾಗ ನಿರ್ದೇಶನವೂ ಹೋಯಿತೇ? ಇಲ್ಲ, ಅದು ತೀರ್ಪಿನ ಒಳಗೆ ಸೇರಿತು. ಈಗ ನ್ಯಾಯಾಧೀಶರು ತಮಗೆ ತಾವೇ ನಿರ್ದೇಶನ ಕೊಟ್ಟುಕೊಳ್ಳಬೇಕು, ಕೊಟ್ಟುಕೊಂಡದ್ದು ಬರಹದಲ್ಲಿ ಕಾಣಬೇಕು. 1952ರ ರಾಮೇಶ್ವರ್ ವಿರುದ್ಧ ರಾಜಸ್ಥಾನ ರಾಜ್ಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಜ್ಯೂರಿ ಇಲ್ಲದೆ ವಿಚಾರಣೆ ನಡೆದಾಗ, ಎಚ್ಚರಿಕೆಯ ನಿಯಮ ತನ್ನ ಮನಸ್ಸಿನಲ್ಲಿತ್ತು ಎಂಬ ಸೂಚನೆ ನ್ಯಾಯಾಧೀಶರ ತೀರ್ಪಿನಲ್ಲೇ ಇರಬೇಕು, ಪೂರಕ ಸಾಕ್ಷ್ಯ ಬೇಡವೆಂದು ಕಂಡರೆ ಅದಕ್ಕೆ ಕಾರಣವನ್ನೂ ಕೊಡಬೇಕು. ಒಂದು ಎಚ್ಚರ ಇಲ್ಲಿ ಅಗತ್ಯ. ಅದು ಅತ್ಯಾಚಾರದ ಪ್ರಕರಣ. ಸಂತ್ರಸ್ತೆಯ ಮಾತಿಗೆ ಪೂರಕ ಸಾಕ್ಷ್ಯ ಹುಡುಕುವ ಹಳೆಯ ಮನೋಭಾವವನ್ನು ಸುಪ್ರೀಂ ಕೋರ್ಟ್ ನಂತರ ತಳ್ಳಿಹಾಕಿದೆ, 1996ರ ಗುರ್ಮಿತ್ ಸಿಂಗ್ ತೀರ್ಪು ನೋಡಿ. ಆ ಭಾಗಕ್ಕೆ ರಾಮೇಶ್ವರ್ ತೀರ್ಪನ್ನು ಎಳೆದು ತರಬೇಡಿ. ತೀರ್ಪಿನಲ್ಲಿ ಸ್ವ-ನಿರ್ದೇಶನ ಕಾಣಬೇಕು ಎಂಬ ತತ್ವಕ್ಕಷ್ಟೇ ಅದನ್ನು ಬಳಸಿ.

ಈಗ ನಿಮ್ಮ ಪ್ರಕರಣ. ತೀರ್ಪನ್ನು ನ್ಯಾಯಾಧೀಶರು ಜ್ಯೂರಿಗೆ ಓದಿ ಹೇಳುತ್ತಿದ್ದಾರೆ ಎಂದುಕೊಂಡು ಓದಿ.

‘ಆತ್ಮರಕ್ಷಣೆಯನ್ನು ಸಂಶಯಾತೀತವಾಗಿ ರುಜುವಾತುಪಡಿಸಿಲ್ಲ’ ಎಂಬ ಸಾಲು ನಿಮ್ಮ ಅಪೀಲಿನ ಬೆನ್ನೆಲುಬು. ಹಳೆಯ (1872ರ) ಸಾಕ್ಷ್ಯ ಅಧಿನಿಯಮ 105ರ ಪ್ರಕಾರ ವಿನಾಯಿತಿಯ ಹೊಣೆ ಆರೋಪಿಯ ಮೇಲಿದ್ದರೂ ಅದರ ಅಳತೆ ಸಂಭವನೀಯತೆಯ ತೂಕ ಮಾತ್ರ. ಸಂಶಯಾತೀತ ಎಂಬ ಅಳತೆ ಪ್ರಾಸಿಕ್ಯೂಷನ್‌ಗೆ ಮಾತ್ರ ಸೇರಿದ್ದು. ಆರೋಪಿ ತಾನಾಗಿ ಸಾಕ್ಷಿ ಹಾಕಬೇಕೆಂದೂ ಇಲ್ಲ. ಪ್ರಾಸಿಕ್ಯೂಷನ್ ಸಾಕ್ಷ್ಯದಿಂದಲೇ ಆತ್ಮರಕ್ಷಣೆ ಎದ್ದು ಕಾಣಬಹುದು, 1968ರ ಮುನ್ಷಿ ರಾಮ್ ತೀರ್ಪು. ಜ್ಯೂರಿಗೆ ಈ ಮಾತು ಹೇಳಿದ್ದರೆ ಅದು ನೇರ ತಪ್ಪು ನಿರ್ದೇಶನ. ತೀರ್ಪಿನಲ್ಲಿ ಬರೆದರೂ ಅದೇ ತಪ್ಪು.

ಇದರ ಪಕ್ಕದಲ್ಲೇ ತಲೆಗಾಯದ ಮಾತು ಬರಬೇಕು. ಅದೇ ಜಗಳದಲ್ಲಿ ಆರೋಪಿಗೆ ಆದ ಗಾಯವನ್ನು ಪ್ರಾಸಿಕ್ಯೂಷನ್ ವಿವರಿಸದೆ ಹೋದರೆ, ಸಾಕ್ಷಿಗಳು ಜಗಳದ ಮೂಲವನ್ನೇ ಮುಚ್ಚಿಟ್ಟಿದ್ದಾರೆ ಎಂದು ಅನುಮಾನಿಸಲು ಅವಕಾಶ ಇದೆ, 1976ರ ಲಕ್ಷ್ಮೀ ಸಿಂಗ್ ವಿರುದ್ಧ ಬಿಹಾರ ರಾಜ್ಯ. ಸರ್ಕಾರಿ ವಕೀಲರ ಉತ್ತರ ಈಗಲೇ ಗೊತ್ತಿದೆ: ‘ಗಾಯ ಮೇಲುಮೇಲಿನದು, ನಮ್ಮ ಸಾಕ್ಷ್ಯ ಸ್ಪಷ್ಟ.’ ಅದಕ್ಕೆ ಗಾಯದ ಅಳತೆ, ಜಾಗ, ವೈದ್ಯರು ಪರೀಕ್ಷಿಸಿದ ಸಮಯ, ಯಾವ ಆಯುಧದಿಂದ ಆಗಿರಬಹುದು ಎಂದು ಅವರು ಹೇಳಿದ ಮಾತು, ಇವನ್ನು ಪುಟಸಂಖ್ಯೆ ಸಮೇತ ಆಧಾರದಲ್ಲಿ ಬರೆಯಿರಿ. ಪ್ರಮಾಣಪತ್ರದಲ್ಲಿ ‘ಬಿದ್ದು ಆದ ಗಾಯ’ ಎಂದು ಬರೆಸಿದ್ದರೆ ಈ ವಾದದ ಅರ್ಧ ಬಲ ಹೋಗುತ್ತದೆ, ಮೊದಲೇ ನೋಡಿಕೊಳ್ಳಿ.

---

ಸಿಂಧನೂರು_ಕಾಲುವೆ

ಚೆನ್ನಾಗಿ ಬಿಡಿಸಿದ್ದೀರಿ ಸರ್. ಹಾಗಿದ್ದರೆ ವಿದೇಶದಂತೆ ಇಲ್ಲೂ ಮರುವಿಚಾರಣೆ ಕೇಳುವುದೇ ಸರಿಯಲ್ಲವೇ? 313ರಲ್ಲಿ ಪ್ರಶ್ನೆ ಕೇಳಿಲ್ಲ ಎಂದರೆ ವಿಚಾರಣೆಯೇ ಅಪೂರ್ಣ ಆಯಿತಲ್ಲ.

---

ಬಳ್ಳಾರಿ_ಕೋಟೆ

ಇದು ಎಡವುವ ಜಾಗ, ದಯವಿಟ್ಟು ನಿಧಾನಿಸಿ. ಜ್ಯೂರಿ ಪದ್ಧತಿಯಲ್ಲಿ ಸಂಗತಿ ತೀರ್ಮಾನಿಸುವುದು ಮೇಲಿನ ನ್ಯಾಯಾಲಯದ ಕೆಲಸವಲ್ಲ, ಆದ್ದರಿಂದ ಅಲ್ಲಿ ಹೊಸ ಜ್ಯೂರಿಯ ಮುಂದೆ ಕಳಿಸುವುದು ಸಾಮಾನ್ಯ. ನಮ್ಮ ಹೈಕೋರ್ಟಿಗೆ ಬಿಎನ್‌ಎಸ್‌ಎಸ್ 427ರಲ್ಲಿ (ಹಳೆಯ 386) ಸಂಗತಿ ಮತ್ತು ಕಾನೂನು ಎರಡನ್ನೂ ಹೊಸದಾಗಿ ತೂಗುವ ಅಧಿಕಾರ ಇದೆ. ದೋಷನಿರ್ಣಯ ರದ್ದು ಮಾಡಿ ಬಿಡುಗಡೆ ಮಾಡಬಹುದು, ಕಲಂ ಬದಲಿಸಬಹುದು, ಶಿಕ್ಷೆ ಇಳಿಸಬಹುದು. ಮರುವಿಚಾರಣೆಯೂ ಪಟ್ಟಿಯಲ್ಲಿದೆ, ಆದರೆ ಅದು ಅಪರೂಪದ ಸಂದರ್ಭಕ್ಕೆ ಎಂದು 1963ರ ಉಖಾ ಕೋಲ್ಹೆ ತೀರ್ಪು ಹೇಳುತ್ತದೆ. ಪ್ರಾಸಿಕ್ಯೂಷನ್ ತನ್ನ ಕೇಸಿನ ಕಂಡಿ ಮುಚ್ಚಿಕೊಳ್ಳಲು ಅದು ದಾರಿಯಾಗಬಾರದು. ಆರೋಪಿಯ ಪರ ವಕೀಲರೇ ಮರುವಿಚಾರಣೆ ಕೇಳಿದರೆ ಆ ದಾರಿಯನ್ನು ತಾವೇ ತೋರಿಸಿದಂತೆ. ಪ್ರತಿಕೂಲವಾದ ಪಂಚರ ಬದಲು ಬೇರೆ ಸಾಕ್ಷಿ ಬರಬಹುದು.

313ರ ಲೋಪಕ್ಕೆ ಪರಿಹಾರ ಬೇರೆ. ಕೇಳದೆ ಬಿಟ್ಟ ಸಂಗತಿಯನ್ನು ಆರೋಪಿಯ ವಿರುದ್ಧ ಬಳಸಬಾರದು, ಅದನ್ನು ಪಕ್ಕಕ್ಕೆ ಇಟ್ಟು ಉಳಿದದ್ದನ್ನು ತೂಗಿ ಎಂದು ಕೇಳಬೇಕು, 1984ರ ಶರದ್ ಬಿರ್ದಿಚಂದ್ ಸಾರ್ದಾ. ಆದರೆ 2023ರ ರಾಜ್ ಕುಮಾರ್ ವಿರುದ್ಧ ದೆಹಲಿ ರಾಜ್ಯ ತೀರ್ಪನ್ನೂ ಓದಿಕೊಂಡೇ ಹೋಗಿ. ಕೇಳದೆ ಬಿಟ್ಟ ಸಂಗತಿ ಮಹತ್ವದ್ದಾಗಿರಬೇಕು, ಅದರಿಂದ ಆರೋಪಿಗೆ ನಿಜವಾದ ಹಾನಿ ಆಗಿರಬೇಕು. ಸರಿಪಡಿಸಬಹುದಾದ ಲೋಪವಾದರೆ ಹೈಕೋರ್ಟ್ ತಾನೇ ಸರಿಪಡಿಸಬಹುದು, ಅಥವಾ 313ರ ಹಂತಕ್ಕೆ ಮಾತ್ರ ಹಿಂದಕ್ಕೆ ಕಳಿಸಬಹುದು. ಹೇಳಿಕೆ ದಾಖಲಾಗಿ ಬಹಳ ವರ್ಷ ಆಗಿದ್ದರೆ ಆ ಅಂತರವೂ ಲೆಕ್ಕಕ್ಕೆ ಬರುತ್ತದೆ. ಆಕ್ಷೇಪಣೆಯನ್ನು ಕೆಳಗಿನ ಕೋರ್ಟಿನಲ್ಲೇ ಎತ್ತಬಹುದಿತ್ತೇ ಎಂದೂ ಕೇಳುತ್ತಾರೆ, ಬಿಎನ್‌ಎಸ್‌ಎಸ್ 511(2), ಹಳೆಯ 465(2). ಬರೀ ‘ಪ್ರಶ್ನೆ ಕೇಳಿಲ್ಲ’ ಎಂದು ಬರೆದರೆ ನಿಲ್ಲುವುದಿಲ್ಲ. ಕೇಳಿದ್ದರೆ ಆರೋಪಿ ಏನು ಹೇಳುತ್ತಿದ್ದ, ಉದಾಹರಣೆಗೆ ಕೊಡಲಿ ದನದ ಕೊಟ್ಟಿಗೆಯಲ್ಲಿ ಎಲ್ಲರ ಕೈಗೆ ಸಿಗುವಂತೆ ಇತ್ತು ಎಂಬಂಥ ವಿವರಣೆ, ಅದನ್ನು ಆಧಾರದಲ್ಲೇ ಬರೆಯಿರಿ.

ಜಪ್ತಿ ಬಗ್ಗೆ ಇನ್ನೊಂದು ಮಾತು. ಪೊಲೀಸರ ಮುಂದಿನ ಹೇಳಿಕೆಯಲ್ಲಿ ‘ನಾನು ಹೊಡೆದ ಕೊಡಲಿ’ ಎಂಬ ಪೂರ್ತಿ ವಾಕ್ಯವನ್ನು ತೀರ್ಪಿನಲ್ಲಿ ಎತ್ತಿ ಬರೆದಿದ್ದಾರೆಯೇ ನೋಡಿ. ಅದೇ ಹಳೆಯ ಸಾಕ್ಷ್ಯ ಅಧಿನಿಯಮದ ಕಲಂ 27ರಲ್ಲಿ ಒಪ್ಪುವುದು ವಸ್ತು ಸಿಕ್ಕ ಜಾಗಕ್ಕೆ ಸಂಬಂಧಿಸಿದ ತುಣುಕು ಮಾತ್ರ, ಪ್ರಿವಿ ಕೌನ್ಸಿಲ್‌ನ 1947ರ ಪುಲುಕುರಿ ಕೋಟಯ್ಯ ತೀರ್ಪು. ‘ಹೊಡೆದ’ ಎಂಬುದು ತಪ್ಪೊಪ್ಪಿಗೆ, ಅದನ್ನು ಓದಲೇಬಾರದು. ಪಂಚರು ಪ್ರತಿಕೂಲ ಆದ ಮಾತ್ರಕ್ಕೆ ಜಪ್ತಿ ಬೀಳುತ್ತದೆ ಎಂದುಕೊಳ್ಳಬೇಡಿ. ತನಿಖಾಧಿಕಾರಿಯ ಮಾತನ್ನೇ ನಂಬಿ ಜಪ್ತಿಯನ್ನು ಒಪ್ಪಿದ ತೀರ್ಪುಗಳು ಸಾಕಷ್ಟಿವೆ.

ಹಾಗಾಗಿ ಪ್ರಾರ್ಥನೆ ಮೂರು ಮೆಟ್ಟಿಲಲ್ಲಿರಲಿ. ಮೊದಲು ಬಿಡುಗಡೆ. ಅದಾಗದಿದ್ದರೆ 307ರ ಬದಲು 326 (ಆಯುಧದಿಂದ ತೀವ್ರ ಗಾಯ) ಅಥವಾ 324 (ಆಯುಧದಿಂದ ಗಾಯ), ಏಕೆಂದರೆ 307ಕ್ಕೆ ಕೊಲ್ಲುವ ಉದ್ದೇಶ ಅಥವಾ ತಿಳಿವಳಿಕೆ ಬೇಕು. ಗಾಯ ಗಂಭೀರ ಎಂಬುದರಿಂದಲೇ ಉದ್ದೇಶ ಇತ್ತು ಎಂದು ಹಾರಿದ್ದರೆ ಅದೂ ತಪ್ಪು ನಿರ್ದೇಶನವೇ. ಕೊನೆಗೆ ಶಿಕ್ಷೆ ಇಳಿಕೆ, 307ಕ್ಕೆ ಕನಿಷ್ಠ ಶಿಕ್ಷೆ ಇಲ್ಲ. ಇನ್ನು ‘ತೀರ್ಪು ಕಾನೂನಿಗೆ, ಸಂಗತಿಗೆ, ಸಾಕ್ಷ್ಯದ ತೂಕಕ್ಕೆ ವಿರುದ್ಧ’ ಎಂಬ ಅಚ್ಚಿನ ಸಾಲಿನಿಂದ ಶುರುವಾಗುವ ಮೂವತ್ತು ಆಧಾರ ಬೇಡ. ಬಲವಾದ ಐದಾರು ಸಾಕು, ಪ್ರತಿಯೊಂದಕ್ಕೂ ತೀರ್ಪಿನ ಪ್ಯಾರಾ, ಸಾಕ್ಷಿಯ ಪುಟ.

---

ಮುದಗಲ್ಲ_ನೆರವು

ಶಿಕ್ಷೆ ಅಮಾನತ್ತಿನ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ. ಮನೆಯವರಿಗೆ ತುರ್ತಾಗಿ ಬೇಕಾದದ್ದು ಅದು, ಅಪೀಲಿನ ಅಂತಿಮ ವಾದಕ್ಕೆ ವರ್ಷಗಳೇ ಹಿಡಿಯಬಹುದು.

ಶಿಕ್ಷೆ 3 ವರ್ಷದೊಳಗಿದ್ದು ಆರೋಪಿ ಜಾಮೀನಿನ ಮೇಲಿದ್ದರೆ ಸೆಷನ್ಸ್ ಕೋರ್ಟೇ ಅಪೀಲು ಹಾಕುವಷ್ಟು ಸಮಯಕ್ಕೆ ಬಿಡಬಹುದು, ಬಿಎನ್‌ಎಸ್‌ಎಸ್ 430(3). ನಿಮ್ಮದು 7 ವರ್ಷ, ಅದು ಸಿಗುವುದಿಲ್ಲ. ಹೈಕೋರ್ಟಿನಲ್ಲಿ ಅಪೀಲಿನ ಜೊತೆಗೇ 430(1)ರ ಅರ್ಜಿ (ಹಳೆಯ 389) ಹಾಕಬೇಕು. ಇಲ್ಲಿ ನೋಡಬೇಕಾದದ್ದು ಕೊಟ್ಟ ಶಿಕ್ಷೆಯನ್ನಲ್ಲ, ಕಲಮಿನಲ್ಲಿ ಕೊಡಬಹುದಾದ ಶಿಕ್ಷೆಯನ್ನು. ಗಾಯವಾದ 307ಕ್ಕೆ ಜೀವಾವಧಿವರೆಗೂ ಕೊಡಬಹುದು, ಆದ್ದರಿಂದ ಸರ್ಕಾರಿ ವಕೀಲರಿಗೆ ಲಿಖಿತ ಆಕ್ಷೇಪಣೆಗೆ ಅವಕಾಶ ಕೊಡಲೇಬೇಕು. ಮೊದಲ ದಿನವೇ ಆದೇಶ ಆಗುತ್ತದೆ ಎಂದು ಮನೆಯವರಿಗೆ ಭರವಸೆ ಕೊಡಬೇಡಿ.

ನಿಗದಿತ ಅವಧಿಯ ಶಿಕ್ಷೆಯಾದರೆ ಅಮಾನತ್ತನ್ನು ಉದಾರವಾಗಿ ಪರಿಗಣಿಸಬೇಕು ಎನ್ನುವುದು 1999ರ ಭಗವಾನ್ ರಾಮಾ ಶಿಂಧೆ ತೀರ್ಪು. ಕೊಲೆ, ಜೀವಾವಧಿ ಪ್ರಕರಣಗಳಿಗೆ ಅಳತೆ ಬಿಗಿ, 2023ರ ಓಂಪ್ರಕಾಶ್ ಸಾಹ್ನಿ ತೀರ್ಪು ನೋಡಿ. ಅರ್ಜಿಯಲ್ಲಿ ಇರಬೇಕಾದವು: ವಿಚಾರಣೆ ಉದ್ದಕ್ಕೂ ಜಾಮೀನಿನ ಷರತ್ತು ಮುರಿದಿಲ್ಲ, ಈವರೆಗೆ ಒಳಗಿದ್ದ ದಿನಗಳು, ದಂಡ ಕಟ್ಟಿದ ರಸೀದಿ, ಹಿಂದೆ ಶಿಕ್ಷೆ ಆಗಿಲ್ಲ, ಮತ್ತು ಕೋಟೆ ಅವರು ಹೇಳಿದ ಆ ಎರಡು ದೊಡ್ಡ ಅಂಶ (ಆತ್ಮರಕ್ಷಣೆಗೆ ಹಿಡಿದ ತಪ್ಪು ಅಳತೆ, ವಿವರಿಸದ ತಲೆಗಾಯ). ಸಾಕ್ಷ್ಯದ ಪೂರ್ತಿ ವಿಮರ್ಶೆ ಇಲ್ಲಿ ಬೇಡ, ಅದು ಅಂತಿಮ ವಾದಕ್ಕೆ. ಸರ್ಕಾರಿ ನೌಕರರಿದ್ದರೆ ಇನ್ನೊಂದು ವಿಷಯ ಗಮನಿಸಿ. ಶಿಕ್ಷೆ ಅಮಾನತ್ತಾದ ಮಾತ್ರಕ್ಕೆ ದೋಷನಿರ್ಣಯ ಅಮಾನತ್ತಾಗುವುದಿಲ್ಲ. ಅದನ್ನು ಬೇರೆಯಾಗಿ, ವಿಶೇಷ ಕಾರಣ ತೋರಿಸಿ ಕೇಳಬೇಕು, ಸಿಗುವುದು ಅಪರೂಪ.

ಪ್ರಕರಣದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಕಲಂ ಇದ್ದರೆ ದಾರಿ ಬೇರೆ. ಅಪೀಲು 14ಎ ಕೆಳಗೆ, ಅವಧಿ 90 ದಿನ. 180 ದಿನ ದಾಟಿದರೆ ತೆಗೆದುಕೊಳ್ಳುವಂತಿಲ್ಲ ಎಂದು ಕಲಂ ಹೇಳುತ್ತದೆ, ಆ ಗಡಿಯವರೆಗೆ ಹೋಗಲೇಬೇಡಿ. 15ಎ ಪ್ರಕಾರ ಸಂತ್ರಸ್ತರಿಗೆ ನೋಟಿಸು ಕೊಟ್ಟು ಅವರ ಮಾತನ್ನೂ ಕೇಳಬೇಕು. ಅದಿಲ್ಲದೆ ಪಡೆದ ಆದೇಶ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಆದೇಶ ಆದ ಮೇಲೂ ಬಿಡುಗಡೆ ತಡವಾಗುವುದಕ್ಕೆ ಸಣ್ಣ ಕಾರಣಗಳೇ ಹೆಚ್ಚು. ಹೈಕೋರ್ಟ್ ಆದೇಶದಲ್ಲಿ ತಂದೆಯ ಹೆಸರು, ಸೆಷನ್ಸ್ ಕೇಸ್ ಸಂಖ್ಯೆ ಅಥವಾ ಕಲಂ ಜೈಲು ವಾರಂಟಿನೊಂದಿಗೆ ಹೊಂದದಿದ್ದರೆ ಜೈಲಿನವರು ಬಿಡುವುದಿಲ್ಲ, ತಿದ್ದುಪಡಿಗೆ ಮತ್ತೆ ಧಾರವಾಡ. ಜಾಮೀನುದಾರರ ಪಹಣಿ ಇತ್ತೀಚಿನದಿರಲಿ. 11ನೇ ಕಾಲಂನಲ್ಲಿ ಬ್ಯಾಂಕಿನ ಬೋಜಾ ಇದೆಯೇ, 9ನೇ ಕಾಲಂನ ಹೆಸರು ಆಧಾರಿನ ಹೆಸರಿಗೆ ಹೊಂದುತ್ತದೆಯೇ ನೋಡಿ. ಜಂಟಿ ಖಾತೆಯಾದರೆ ಆಕ್ಷೇಪಣೆ ಬರುತ್ತದೆ. ದಂಡ ಕಟ್ಟುವ ಷರತ್ತಿದ್ದರೆ ಮುಚ್ಚಳಿಕೆಗೆ ಮೊದಲೇ ಕಟ್ಟಿ.

ದುಡ್ಡಿಲ್ಲದ ಮನೆಯವರಿಗೆ ಒಂದು ಮಾತು. ಬಂಧನದಲ್ಲಿರುವ ಯಾರಿಗೇ ಆಗಲಿ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕಲಂ 12. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ. ಬಳ್ಳಾರಿ ಕೇಂದ್ರ ಕಾರಾಗೃಹದಲ್ಲಿದ್ದರೆ ಅಲ್ಲಿಂದಲೇ ಜೈಲು ಅಧಿಕಾರಿಯ ಮೂಲಕ ಅಪೀಲು ಕಳಿಸಬಹುದು, ಬಿಎನ್‌ಎಸ್‌ಎಸ್ 424. ‘ವಕೀಲರಿಗೆ ಕೊಡಲು ಹಣವಿರಲಿಲ್ಲ’ ಎಂದು ಅವಧಿ ಮೀರಿಸಿಕೊಂಡವರು ಬಹಳ. ಮೀರಿದ್ದರೂ ಲಿಮಿಟೇಷನ್ ಕಾಯ್ದೆಯ ಕಲಂ 5ರಲ್ಲಿ ವಿಳಂಬ ಮನ್ನಾ ಕೇಳಿ. ಒಳಗಿರುವವರ ವಿಷಯದಲ್ಲಿ ನ್ಯಾಯಾಲಯ ಸಾಮಾನ್ಯವಾಗಿ ಬಾಗಿಲು ಮುಚ್ಚುವುದಿಲ್ಲ.

---

ಗಂಗಾವತಿ_ಜೂನಿಯರ್

ಎಲ್ಲರಿಗೂ ಧನ್ಯವಾದ. ನಕಲು ಅರ್ಜಿ ಶಿಕ್ಷೆಯ ದಿನವೇ ಹಾಕಿದ್ದೇವೆ. ಗಾಯದ ಪ್ರಮಾಣಪತ್ರದಲ್ಲಿ ‘ಹಲ್ಲೆಯಿಂದ’ ಎಂದೇ ಇದೆ. ಇನ್ನೆರಡು ಸಂಶಯ. ಫಿರ್ಯಾದಿ ಪೊಲೀಸರ ಮುಂದೆ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಇದೆ, ಅಪೀಲಿನಲ್ಲಿ ಬಳಸಬಹುದೇ? ಊರಲ್ಲಿ ಈಗ ರಾಜಿಯ ಮಾತೂ ನಡೆದಿದೆ.

---

ಬಳ್ಳಾರಿ_ಕೋಟೆ

ವ್ಯತ್ಯಾಸವನ್ನು ಸಾಕ್ಷಿಗೆ ತೋರಿಸಿ ಕೇಳಿ, ಆ ಭಾಗವನ್ನು ಗುರುತು ಮಾಡಿಸಿ, ನಂತರ ತನಿಖಾಧಿಕಾರಿಯಿಂದ ‘ಹೌದು, ನನ್ನ ಮುಂದೆ ಹೀಗೆ ಹೇಳಿದ್ದರು’ ಎಂದು ಹೇಳಿಸಿದ್ದರೆ ಮಾತ್ರ ಅದು ಸಾಕ್ಷ್ಯ, 2015ರ ವಿ.ಕೆ. ಮಿಶ್ರಾ ತೀರ್ಪು. ಹಾಗೆ ಆಗಿರದಿದ್ದರೆ ಆ ಪೊಲೀಸ್ ಹೇಳಿಕೆಯನ್ನು ಹೈಕೋರ್ಟಿನಲ್ಲಿ ಓದಲು ಬಿಡುವುದಿಲ್ಲ. ಹೆಚ್ಚುವರಿ ಸಾಕ್ಷ್ಯದ ಅರ್ಜಿಯಿಂದ (432) ಅದನ್ನು ಸರಿಪಡಿಸಿಕೊಳ್ಳಬಹುದು ಎಂದುಕೊಳ್ಳಬೇಡಿ. ಎಚ್ಚರ ವಹಿಸಿಯೂ ಕೆಳಗೆ ಹಾಜರುಪಡಿಸಲಾಗದ ಸಾಕ್ಷ್ಯಕ್ಕೆ ಮಾತ್ರ ಅದು, 2024ರ ಅಜಿತ್‌ಸಿಂಹ್ ರಾಠೋಡ್.

ಗಂಗಾವತಿ ಸುತ್ತಮುತ್ತ ತೆಲುಗು, ಉರ್ದು ಮಾತಾಡುವ ಸಾಕ್ಷಿಗಳು ಇರುತ್ತಾರೆ. ಅವರ ಹೇಳಿಕೆ ಕನ್ನಡದಲ್ಲಿ ದಾಖಲಾಗುವಾಗ ಯಾರು ಭಾಷಾಂತರಿಸಿದರು, ಓದಿ ಹೇಳಿದರೇ ಎಂದು ಹೇಳಿಕೆಯ ಕೊನೆಯ ಷರಾ ನೋಡಿ. ಓದಿ ಹೇಳುವ ನಿಯಮ ಹೊಸ ಸಂಹಿತೆಯಲ್ಲಿ ಕಲಂ 313, ಆರೋಪಿಯ ಹೇಳಿಕೆ ಈಗ 351. ನಿಮ್ಮ ಮೆಮೊದಲ್ಲಿ ‘313’ ಎಂದು ಬರೆದಲ್ಲೆಲ್ಲ ಯಾವ ಸಂಹಿತೆಯದು ಎಂದು ಸೇರಿಸಿ, ಇಲ್ಲದಿದ್ದರೆ ಓದುವವರು ಎಡವುತ್ತಾರೆ.

---

ಹಟ್ಟಿ_ರಸ್ತೆ

ರಾಜಿ ಬಗ್ಗೆ: 307 ರಾಜಿ ಆಗೋ ಕಲಂ ಅಲ್ಲ, ರಾಜಿ ಪತ್ರ ಕೊಟ್ಟ ಕೂಡ್ಲೇ ಕೇಸು ಹೋಗಂಗಿಲ್ಲ. ಆದ್ರ ಗಾಯಾಳು ತಾನಾಗೇ ಅಫಿಡವಿಟ್ ಕೊಟ್ರ ಶಿಕ್ಷೆ ಇಳ್ಸೂ ಹೊತ್ತಿಗೆ ನೋಡ್ತಾರ. ಒತ್ತಾಯ ಮಾಡಿ ಬರ್ಸಿದ್ದು ಗೊತ್ತಾದ್ರ ಅಮಾನತ್ತೂ ರದ್ದಾಗ್ತದ, ಹೊಸ ಕೇಸೂ ಬೀಳ್ತದ. ಮನೀ ಮಂದಿಗೆ ಇದನ್ನ ಗಟ್ಟಿಯಾಗಿ ಹೇಳ್ರಿ.

ಬಿಡುಗಡೆಯಾದ ಮೂರನೇ ಆರೋಪಿ ಮ್ಯಾಲೂ ಕಣ್ಣಿರ್ಲಿ. ಫಿರ್ಯಾದಿ ಸಂತ್ರಸ್ತನಾಗಿ 413ರಾಗ ಅಪೀಲು ಹಾಕಬಹುದು. ಹಾಕಿದ್ರ ಎರಡೂ ಅಪೀಲು ಒಂದ ಪೀಠದ ಮುಂದ ಬರೂವಂಗ ಮೆಮೊ ಕೊಡ್ರಿ. ಬಿಡುಗಡೆ ತೀರ್ಪು ತಿರುಗಿಸಾಕ ಏನು ಬೇಕು ಅನ್ನೋದು 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಾಗ ಐತಿ. ಇನ್ನ ಶಿಕ್ಷೆ ಹೆಚ್ಚಿಗಿ ಮಾಡಾಕ ಸರ್ಕಾರ ಬ್ಯಾರೆ ಅಪೀಲು ಹಾಕ್ಬೇಕು, 418. ನಿಮ್ಮ ಅಪೀಲಿನಾಗ ಹೆಚ್ಚಿಗಿ ಮಾಡಂಗಿಲ್ಲ.

ಅಂತಿಮ ವಾದದ ದಿನಾ ವಕೀಲ್ರು ಬರ್ಲಿಲ್ಲ ಅಂತ ಅಪೀಲು ವಜಾ ಮಾಡಾಕ ಬರಂಗಿಲ್ಲ, ದಾಖಲೆ ಓದಿ ಗುಣದ ಮ್ಯಾಲೇ ತೀರ್ಮಾನ ಮಾಡ್ಬೇಕು, 1996ರ ಬಾನಿ ಸಿಂಗ್. ಹಂಗಂತ ನೆಚ್ಚಿ ಕೂಡಬ್ಯಾಡ್ರಿ. 2013ರ ಕೆ.ಎಸ್. ಪಾಂಡುರಂಗ ತೀರ್ಪಿನ ಪ್ರಕಾರ ವಕೀಲ್ರು ಇಲ್ದಾಗ ಬ್ಯಾರೆ ವಕೀಲ್ರನ್ನ ನೇಮಿಸ್ಲೇಬೇಕು ಅಂತೇನಿಲ್ಲ, ಕಡತಾ ನೋಡಿ ತೀರ್ಪು ಕೊಟ್ಟುಬಿಡಬಹುದು. ಧಾರವಾಡದ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ಹಿಂದಿನ ದಿನಾ ಸಂಜೀಕ ಆನ್‌ಲೈನ್ ನೋಡ್ಕೊಂಡು, ಬೆಳಿಗ್ಗೆ ಕೊಪ್ಪಳದಿಂದ ಹೊರಡ್ರಿ.